ಆರೋಗ್ಯ ಪ್ರಶ್ನೋತ್ತರ: ಸಂಜೆ ಇಳಿದ ದಮ್ಮು ರಾತ್ರಿ ಮತ್ತೆ ಏರುವುದೇಕೆ?

ಕಳೆದ ಸಂಚಿಕೆಯ ಅಸ್ತಮಾ ಲೇಖನದಲ್ಲಿ, ಉಸಿರು ಕಟ್ಟುವುದರ ಹಿಂದೆ ರೋಗನಿರೋಧಕ ಕೋಶಗಳ ಕಿಣ್ವಗಳ (ಎಂಜೈಮ್, ದೇಹದ ರಾಸಾಯನಿಕ ಕೆಲಸಗಳನ್ನು ಚುರುಕುಗೊಳಿಸುವ ಪ್ರೋಟೀನ್) ಕೈವಾಡವಿದೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆವು. ಆ ಸಾಲನ್ನೇ ಹಿಡಿದು ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಪತ್ರಗಳು ಬಂದಿವೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಮಗನಿಗೆ 9 ವರ್ಷ. ಹಬ್ಬಕ್ಕೆಂದು ಅಟ್ಟದ ಸಾಮಾನು ಇಳಿಸಿ ಧೂಳು ಹೊಡೆಯುವಾಗ ಸಂಜೆ ಆರಕ್ಕೆ ದಮ್ಮು ಬಂತು. ನೀಲಿ ಪಂಪು (ಇನ್ಹೇಲರ್) ಕೊಟ್ಟೆವು, ಹತ್ತು ನಿಮಿಷದಲ್ಲಿ ಆಡಲು ಓಡಿದ. ರಾತ್ರಿ ಹನ್ನೆರಡಕ್ಕೆ ಮತ್ತೆ ಬಂತು, ಮೊದಲಿಗಿಂತ ಜೋರು. ಪಂಪಿಗೂ ಅಷ್ಟಾಗಿ ಬಗ್ಗಲಿಲ್ಲ. ಪಂಪೇ ಡೂಪ್ಲಿಕೇಟ್ ಇರಬಹುದೇ? (ದಾವಣಗೆರೆ)

ಉತ್ತರ: ಪಂಪಿನ ಮೇಲೆ ಅನುಮಾನ ಬೇಡ. ಸಂಜೆಯದೂ ರಾತ್ರಿಯದೂ ಒಂದೇ ದಮ್ಮಿನ ಎರಡು ಅಲೆಗಳು. ಆದರೆ ಆ ಎರಡನ್ನೂ ಎಬ್ಬಿಸುವ ಕೋಶಗಳು ಬೇರೆ, ಕಿಣ್ವಗಳೂ ಬೇರೆ. ಅಟ್ಟದ ಧೂಳಿನಲ್ಲಿ ಕಣ್ಣಿಗೆ ಕಾಣದ ಧೂಳುಹುಳಗಳ ಹಿಕ್ಕೆ ಇರುತ್ತದೆ. ಅದರಲ್ಲಿರುವ ಮುಖ್ಯ ಅಲರ್ಜಿಕಾರಕವೇ ಪ್ರೋಟೀನ್ ಕತ್ತರಿಸುವ ಒಂದು ಕಿಣ್ವ. ಶ್ವಾಸನಾಳದ ಒಳಪದರದ ಕೋಶಗಳನ್ನು ಒಂದಕ್ಕೊಂದು ಬಿಗಿದಿರುವ ಬೆಸುಗೆಯನ್ನು ಅದು ಸಡಿಲಿಸಿ ಒಳಗೆ ಇಳಿಯುತ್ತದೆ.

ಒಳಗೆ ಮಾಸ್ಟ್ ಕೋಶಗಳು ಎಂಬ ರೋಗನಿರೋಧಕ ಕೋಶಗಳು ಕಾದಿರುತ್ತವೆ. ಅಲರ್ಜಿ ಇರುವ ಮಕ್ಕಳಲ್ಲಿ ಇವುಗಳ ಮೈಮೇಲೆ ಐಜಿಇ ಎಂಬ ಪ್ರತಿಕಾಯ ಅಂಟಿಕೊಂಡಿರುತ್ತದೆ. ಧೂಳುಹುಳದ ಅಂಶ ಅದಕ್ಕೆ ತಾಗಿದ ಕೆಲವೇ ನಿಮಿಷಗಳಲ್ಲಿ ಕೋಶ ತನ್ನ ಒಳಗೆ ಮೊದಲೇ ತುಂಬಿಟ್ಟಿದ್ದ ಕಾಳುಗಳನ್ನು ಹೊರಚೆಲ್ಲುತ್ತದೆ. ಹಿಸ್ಟಮಿನ್ ಎಂಬ ರಾಸಾಯನಿಕದ ಜೊತೆಗೆ ಟ್ರಿಪ್ಟೇಸ್, ಕೈಮೇಸ್ ಎಂಬ ಕಿಣ್ವಗಳು ಬರುವುದು ಆಗಲೇ. ಟ್ರಿಪ್ಟೇಸ್ ಎರಡು ಕಡೆಯಿಂದ ಕೆಲಸ ಕೆಡಿಸುತ್ತದೆ. ಶ್ವಾಸನಾಳದ ಸ್ನಾಯುವನ್ನು ಕೆರಳಿಸಿ ಸಣ್ಣ ಪ್ರಚೋದನೆಗೂ ಹಿಂಡಿಕೊಳ್ಳುವಂತೆ ಮಾಡುತ್ತದೆ, ಅದೇ ಸ್ನಾಯುವನ್ನು ಸಡಿಲಗೊಳಿಸಲು ನರಗಳು ಬಿಡುವ ವಿಐಪಿ ಎಂಬ ಪೆಪ್ಟೈಡನ್ನು ಕತ್ತರಿಸಿಯೂ ಹಾಕುತ್ತದೆ.

ಇಷ್ಟರಲ್ಲೇ ಮಾಸ್ಟ್ ಕೋಶದೊಳಗೆ ಇನ್ನೊಂದು ಕೆಲಸ ಶುರುವಾಗಿರುತ್ತದೆ. ಫಾಸ್ಫೋಲೈಪೇಸ್ ಎಂಬ ಕಿಣ್ವ ಕೋಶದ ಪೊರೆಯಿಂದ ಅರಾಕಿಡೋನಿಕ್ ಆಮ್ಲವನ್ನು ಕತ್ತರಿಸಿ ಕೊಡುತ್ತದೆ. 5-ಲೈಪಾಕ್ಸಿಜನೇಸ್ ಎಂಬ ಮತ್ತೊಂದು ಕಿಣ್ವ ಅದನ್ನು ಲ್ಯೂಕೋಟ್ರೀನ್ ಎಂಬ ರಾಸಾಯನಿಕ ಮಾಡುವ ಹಾದಿಗೆ ಹಚ್ಚುತ್ತದೆ. ಶ್ವಾಸನಾಳವನ್ನು ಹಿಂಡುವುದರಲ್ಲಿ ಲ್ಯೂಕೋಟ್ರೀನ್ ಹಿಸ್ಟಮಿನ್‌ಗಿಂತ ಎಷ್ಟೋ ಪಟ್ಟು ಬಲಶಾಲಿ, ಸಾವಿರ ಪಟ್ಟು ಎಂಬ ಲೆಕ್ಕವೂ ಇದೆ. ನೆಗಡಿಗೆ ಕೊಡುವ ಸೆಟ್ರಿಜಿನ್ ಮಾತ್ರೆ ಹಿಸ್ಟಮಿನ್ ಒಂದನ್ನೇ ತಡೆಯುತ್ತದೆ. ದಮ್ಮಿಗೆ ಅದು ನಾಟದಿರುವುದಕ್ಕೆ ಇದೇ ಕಾರಣ.

ಈ ಮೊದಲ ಅಲೆ ಅರ್ಧ ಗಂಟೆಯೊಳಗೆ ತುದಿ ಮುಟ್ಟಿ, ಒಂದೆರಡು ಗಂಟೆಯಲ್ಲಿ ತಾನಾಗಿಯೇ ಇಳಿಯತೊಡಗುತ್ತದೆ. ನೀಲಿ ಪಂಪಿನಲ್ಲಿರುವ ಸಾಲ್ಬುಟಮಾಲ್ ಎಂಬ ಔಷಧ ಸ್ನಾಯುವಿನೊಳಗಿನ ಅಡಿನೈಲಿಲ್ ಸೈಕ್ಲೇಸ್ ಎಂಬ ಕಿಣ್ವವನ್ನು ಚುರುಕುಗೊಳಿಸಿ ಸ್ನಾಯುವನ್ನು ಸಡಿಲ ಮಾಡುತ್ತದೆ. ಐದು ನಿಮಿಷದಲ್ಲಿ ಆರಾಮ ಸಿಗುತ್ತದೆ, ನಿಮ್ಮ ಮಗ ಆಡಲು ಓಡುತ್ತಾನೆ. ಆದರೆ ಈ ಔಷಧದ ಪರಿಣಾಮ ಇರುವುದು 4ರಿಂದ 6 ಗಂಟೆ ಮಾತ್ರ.

ಅಷ್ಟರಲ್ಲಿ ಮಾಸ್ಟ್ ಕೋಶಗಳ ಕರೆಗೆ ಓಗೊಟ್ಟು ರಕ್ತದಿಂದ ಇಯೊಸಿನೊಫಿಲ್ ಎಂಬ ಬಿಳಿಕೋಶಗಳು ಶ್ವಾಸನಾಳದ ಗೋಡೆಗೆ ಬಂದು ಸೇರುತ್ತಿರುತ್ತವೆ. ಎರಡನೇ ಅಲೆ 3-4 ಗಂಟೆಗೆ ಶುರುವಾಗಿ 6ರಿಂದ 12 ಗಂಟೆಯ ನಡುವೆ ಜೋರಾಗುತ್ತದೆ. ಎಲ್ಲ ರೋಗಿಗಳಲ್ಲೂ ಇದು ಬರುವುದಿಲ್ಲ, ಬಂದವರಿಗೆ ಮಾತ್ರ ಸುಸ್ತು ಹೊಡೆಸುತ್ತದೆ. ಇಯೊಸಿನೊಫಿಲ್‌ಗಳು ಬಿಡುವ ಪೆರಾಕ್ಸಿಡೇಸ್ ಕಿಣ್ವ ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಸುಡುವಂಥ ರಾಸಾಯನಿಕಗಳನ್ನು ತಯಾರಿಸುತ್ತದೆ. ಒಳಪದರ ಕಿತ್ತುಬರುತ್ತದೆ. ಕಫದೊಳಗಿನ ಮ್ಯೂಸಿನ್ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕಫ ಅಂಟಂಟಾಗಿ, ಬಿರಡೆಯಂತೆ ಕಿರುನಾಳಗಳಲ್ಲಿ ಕೂರುತ್ತದೆ. ಸ್ನಾಯು ಸಡಿಲವಾದರೂ ಬಿರಡೆ ಕದಲುವುದಿಲ್ಲ, ಊತ ಇಳಿಯುವುದಿಲ್ಲ. ಸಂಜೆ ಕೊಟ್ಟ ಔಷಧ ಇಳಿಯುವ ಹೊತ್ತೂ ಈ ಅಲೆ ಏರುವ ಹೊತ್ತೂ ಒಂದೇ. ಅದೂ ಅಲ್ಲದೆ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ, ಊತ ತಗ್ಗಿಸುವ ದೇಹದ ಸ್ವಂತ ಸ್ಟಿರಾಯ್ಡ್ ಕಡಿಮೆ ಇರುತ್ತದೆ.

ಮುಂದಿನ ಸಲ ಹೀಗೆ ಮಾಡಿ. ಪಂಪನ್ನು ಚೆನ್ನಾಗಿ ಅಲುಗಾಡಿಸಿ, ಸ್ಪೇಸರ್ (ಪಂಪಿನ ಬಾಯಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿ, ಒಂದು ಸಲ ಒತ್ತಿ. ಮಗು ಅದರಲ್ಲೇ 5-6 ಸಲ ನಿಧಾನವಾಗಿ ಉಸಿರಾಡಲಿ. ಹೀಗೆ ಒಂದೊಂದಾಗಿ 4 ಪಫ್ (ಒಂದು ಪಫ್ ಅಂದರೆ 100 ಮೈಕ್ರೋಗ್ರಾಂ). ಒಟ್ಟಿಗೆ ನಾಲ್ಕು ಸಲ ಒತ್ತಿಬಿಟ್ಟರೆ ಔಷಧದ ಹನಿಗಳು ಕೂಡಿಕೊಂಡು ಸ್ಪೇಸರ್ ಗೋಡೆಗೇ ಹತ್ತುತ್ತವೆ. 20 ನಿಮಿಷದಲ್ಲಿ ಇಳಿಯದಿದ್ದರೆ ಮತ್ತೆ 4 ಪಫ್ ಕೊಟ್ಟು ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ 20 ನಿಮಿಷಕ್ಕೊಮ್ಮೆ ಕೊಡುತ್ತಿರಿ. ಇಳಿದರೂ 3-4 ಗಂಟೆಯೊಳಗೆ ಮತ್ತೆ ಪಂಪು ಬೇಕಾಯಿತೆಂದರೆ ಬೆಳಗಾಗಲಿ ಎಂದು ಕಾಯಬೇಡಿ. ಒಂದು ವಾಕ್ಯ ಪೂರ್ತಿ ಮಾತಾಡಲಾಗದಿರುವುದು, ಪಕ್ಕೆ ಒಳಸೆಳೆಯುವುದು, ತುಟಿ ನೀಲಿಯಾಗುವುದು, ಮಂಪರು, ಇವುಗಳಲ್ಲಿ ಒಂದು ಕಂಡರೂ ತಕ್ಷಣ 108. ಸುಯ್ ಸುಯ್ ಸದ್ದು ಇದ್ದಕ್ಕಿದ್ದಂತೆ ನಿಂತು ಮಗು ಸುಸ್ತಾಗಿ ಮಲಗಿದರೆ ಕಡಿಮೆಯಾಯಿತು ಎಂದುಕೊಳ್ಳಬೇಡಿ. ಗಾಳಿಯೇ ಓಡಾಡದಿದ್ದರೆ ಸದ್ದೂ ಇರುವುದಿಲ್ಲ.

ಸ್ಪೇಸರ್ ಇಲ್ಲದಿದ್ದರೆ 500 ಮಿ.ಲೀ. ನೀರಿನ ಪ್ಲಾಸ್ಟಿಕ್ ಬಾಟಲಿ ಸಾಕು. ತಳದಲ್ಲಿ ಪಂಪಿನ ಬಾಯಿಯ ಅಳತೆಗೆ ಸರಿಯಾಗಿ ತೂತು ಮಾಡಿ, ಪಂಪು ಸಡಿಲ ಬಿಡದಂತೆ ಕೂರಿಸಿ, ಸುತ್ತ ಟೇಪ್ ಹಾಕಿ. ಮಗು ಬಾಟಲಿಯ ಬಾಯಿಯಿಂದ ಉಸಿರೆಳೆಯಬೇಕು. ಮೊದಲು ಪಾತ್ರೆ ಸೋಪಿನ ನೀರಲ್ಲಿ ಅದ್ದಿ, ಉಜ್ಜದೆ, ಒರೆಸದೆ ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧವನ್ನು ಅದೇ ಹಿಡಿದುಕೊಳ್ಳುತ್ತದೆ. ಅಂಗಡಿಯಿಂದ ತಂದ ಸ್ಪೇಸರಿಗೂ ಇದೇ ಕ್ರಮ.

ಎರಡನೇ ಅಲೆಯನ್ನು ತಡೆಯುವುದು ಸ್ಟಿರಾಯ್ಡ್. ವೈದ್ಯರು ಕೊಡುವ ಪ್ರೆಡ್ನಿಸೊಲೋನ್ ಕೆಲಸ ಶುರು ಮಾಡಲು ಸುಮಾರು 4 ಗಂಟೆ ಹಿಡಿಯುತ್ತದೆ. ಆದ್ದರಿಂದ ಸಂಜೆಯ ದಮ್ಮು ಜೋರಾಗಿದ್ದರೆ ಸಂಜೆಯೇ ವೈದ್ಯರನ್ನು ಕಾಣುವುದು ಒಳ್ಳೆಯದು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ನೀಲಿ ಪಂಪು ಬೇಕಾಗುತ್ತಿದ್ದರೆ ದಿನವೂ ಸೇದುವ ಸ್ಟಿರಾಯ್ಡ್ ಪಂಪು ಬೇಕೇ ಬೇಕು. 200 ಪಫ್‌ನ ನೀಲಿ ಪಂಪು ವರ್ಷಕ್ಕೆ ಮೂರು ಖಾಲಿಯಾಗುತ್ತಿದ್ದರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂದೇ ಲೆಕ್ಕ.

ಪ್ರಶ್ನೆ: ನನಗೆ 38. ಮೂಗಿನಲ್ಲಿ ದುರ್ಮಾಂಸ ಬೆಳೆದು ಒಮ್ಮೆ ತೆಗೆಸಿದ್ದೇನೆ. ಮೈಕೈ ನೋವೆಂದು ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮಾತ್ರೆ ನುಂಗಿದೆ. ಗಂಟೆಯೊಳಗೆ ಮೂಗು ಕಟ್ಟಿ, ಕಣ್ಣು ಕೆಂಪಾಗಿ, ದಮ್ಮು ಹತ್ತಿತು. ಮಾತ್ರೆ ಹಳೆಯದಿತ್ತೇ? (ಹರಿಹರ)

ಉತ್ತರ: ಮಾತ್ರೆ ಹೊಸದಾಗಿದ್ದರೂ ಹೀಗೇ ಆಗುತ್ತಿತ್ತು. ದುರ್ಮಾಂಸ, ಅಸ್ತಮಾ, ನೋವಿನ ಮಾತ್ರೆಗೆ ದಮ್ಮು, ಈ ಮೂರೂ ಒಬ್ಬರಲ್ಲೇ ಸೇರಿದರೆ ಆಸ್ಪಿರಿನ್ ಸಂಬಂಧಿತ ಅಸ್ತಮಾ ಎನ್ನುತ್ತಾರೆ. ಅಸ್ತಮಾ ಇರುವ ವಯಸ್ಕರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಇದು ಇರುತ್ತದೆ. ಮಕ್ಕಳಲ್ಲಿ ಅಪರೂಪ.

ಇಲ್ಲಿ ನಡೆಯುವುದು ಎರಡು ಕಿಣ್ವಗಳ ಮೇಲಾಟ. ಅರಾಕಿಡೋನಿಕ್ ಆಮ್ಲವನ್ನು ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವವೂ ಬಳಸುತ್ತದೆ, ಮೇಲೆ ಹೇಳಿದ 5-ಲೈಪಾಕ್ಸಿಜನೇಸೂ ಬಳಸುತ್ತದೆ. ಮೊದಲನೆಯದು ತಯಾರಿಸುವ ಪ್ರೋಸ್ಟಗ್ಲಾಂಡಿನ್ ಇ2, ಮಾಸ್ಟ್ ಕೋಶಗಳನ್ನೂ ಇಯೊಸಿನೊಫಿಲ್‌ಗಳನ್ನೂ ಹದ್ದುಬಸ್ತಿನಲ್ಲಿ ಇಡುತ್ತದೆ. ನಿಮ್ಮಂಥವರಲ್ಲಿ ಅದು ಮೊದಲೇ ಕಡಿಮೆ. ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ಮೆಫೆನಾಮಿಕ್ ಆಮ್ಲ ಇವೆಲ್ಲ ಸೈಕ್ಲೋಆಕ್ಸಿಜನೇಸನ್ನು ಮುಚ್ಚುತ್ತವೆ. ಇದ್ದ ಅಲ್ಪಸ್ವಲ್ಪ ಕಾವಲೂ ಹೋಗಿ ಲ್ಯೂಕೋಟ್ರೀನ್ ಒಮ್ಮೆಲೇ ಉಕ್ಕುತ್ತದೆ. ಮಾತ್ರೆ ನುಂಗಿದ ಅರ್ಧ ಗಂಟೆಯಿಂದ 3 ಗಂಟೆಯೊಳಗೆ ದಮ್ಮು ಹತ್ತುವುದು ಇದರ ಲಕ್ಷಣ. ಇದು ಐಜಿಇ ಅಲರ್ಜಿ ಅಲ್ಲ, ಹಾಗಾಗಿ ಚರ್ಮದ ಮೇಲೆ ಮಾಡುವ ಅಲರ್ಜಿ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಒಂದು ಕಂಪನಿಯ ಮಾತ್ರೆ ಬಿಟ್ಟು ಇನ್ನೊಂದು ಕಂಪನಿಯದು ತಗೊಂಡರೂ ಉಪಯೋಗವಿಲ್ಲ, ಇಡೀ ಗುಂಪನ್ನೇ ಬಿಡಬೇಕು.

ನೋವು, ಜ್ವರಕ್ಕೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಒಂದೇ ಸಲಕ್ಕೆ 1000 ಮಿ.ಗ್ರಾಂ. ನುಂಗಿದರೆ ಕೆಲವರಿಗೆ ಎದೆ ಬಿಗಿಯುತ್ತದೆ. ಎಟೊರಿಕಾಕ್ಸಿಬ್ ಎಂಬ ಬೇರೆ ಬಗೆಯ ನೋವಿನ ಮಾತ್ರೆ ಬಹುತೇಕರಿಗೆ ಒಗ್ಗುತ್ತದೆ, ಆದರೆ ಮೊದಲ ಮಾತ್ರೆ ವೈದ್ಯರ ಕಣ್ಣೆದುರು ತಗೊಳ್ಳಿ. ಎಡವಟ್ಟು ಆಗುವುದು ಜೋಡಿ ಮಾತ್ರೆಗಳಲ್ಲಿ. ಅಂಗಡಿಯವರು ಪ್ಯಾರಾಸಿಟಮಾಲ್ ಎಂದು ಕೊಟ್ಟ ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಅಸೆಕ್ಲೋಫೆನಾಕ್ ಕೂಡ ಇರುತ್ತದೆ. ಬ್ರಾಂಡ್ ಹೆಸರು ನೋಡಬೇಡಿ, ಅದರ ಕೆಳಗಿನ ಸಾಲು ಓದಿಸಿಕೊಳ್ಳಿ. ಹೃದಯಕ್ಕೆಂದು ಆಸ್ಪಿರಿನ್ ಬರೆದುಕೊಟ್ಟಿದ್ದರೆ ತಾವಾಗಿಯೇ ನಿಲ್ಲಿಸದೆ ಬರೆದವರಿಗೆ ವಿಷಯ ತಿಳಿಸಿ. ಹಲ್ಲು ಕೀಳಿಸುವಾಗಲೂ ಆಪರೇಷನ್ನಿಗೆ ಹೋದಾಗಲೂ ಮೊದಲು ಹೇಳಬೇಕಾದ ಮಾತು ಇದೇ.

ಪ್ರಶ್ನೆ: ಊತಕ್ಕೆಂದು ಕೊಟ್ಟ ಮಾತ್ರೆಯ ಮೇಲೆ ಸೆರಾಶಿಯೊಪೆಪ್ಟಿಡೇಸ್ ಎಂದಿದೆ, ಅದೊಂದು ಎಂಜೈಮ್ ಅಂತೆ. ಕಫವನ್ನೂ ಕರಗಿಸುತ್ತದೆ ಎಂದರು. ದಮ್ಮು ಇರುವ ನಮ್ಮ ತಾಯಿಗೆ ಕೊಡಬಹುದೇ? (ಚಳ್ಳಕೆರೆ)

ಉತ್ತರ: ಬೇಡ. ಅಸ್ತಮಾದಲ್ಲಿ ಇದರಿಂದ ಲಾಭವಿದೆ ಎನ್ನಲು ಗಟ್ಟಿಯಾದ ಆಧಾರವಿಲ್ಲ. ಪ್ರೋಟೀನ್ ಕತ್ತರಿಸುವ ಕಿಣ್ವಗಳು ಅಲ್ಲಿ ಈಗಾಗಲೇ ಬೇಕಾದಷ್ಟಿವೆ. ಈ ಮಾತ್ರೆ ಒಂಟಿಯಾಗಿ ಬರುವುದಕ್ಕಿಂತ ಡೈಕ್ಲೋಫೆನಾಕ್ ಅಥವಾ ಅಸೆಕ್ಲೋಫೆನಾಕ್ ಜೊತೆ ಬರುವುದೇ ಹೆಚ್ಚು. ಮೇಲಿನ ಉತ್ತರ ನಿಮಗೂ ಅನ್ವಯಿಸೀತು, ಸ್ಟ್ರಿಪ್ ಇನ್ನೊಮ್ಮೆ ನೋಡಿ.

ಪ್ರಶ್ನೆ: ಮೆಕ್ಕೆಜೋಳದ ರಾಶಿ ಮಷೀನಿನ ಹಿಂದೆ ನಿಂತು ದುಡಿಯುವವನು ನಾನು. ಸೀಸನ್ ಬಂತೆಂದರೆ ದಮ್ಮು, ಹಳದಿ ಕಫ. ಸ್ಟಿರಾಯ್ಡ್ ಪಂಪು ಸೇದಿದರೂ ಅಷ್ಟಕ್ಕಷ್ಟೇ. ಬೀಡಿ ಚಟವಿದೆ, ಮುಚ್ಚಿಡುವುದಿಲ್ಲ. (ಜಗಳೂರು)

ಉತ್ತರ: ಬೀಡಿ ವಿಷಯ ಬರೆದದ್ದು ಒಳ್ಳೆಯದಾಯಿತು. ಅಸಲು ಗಂಟು ಇರುವುದೇ ಅಲ್ಲಿ. ಸ್ಟಿರಾಯ್ಡ್ ಶ್ವಾಸನಾಳದ ಕೋಶದೊಳಕ್ಕೆ ಹೋಗಿ ಎಚ್‌ಡಿಎಸಿ-2 ಎಂಬ ಕಿಣ್ವದ ಕೈಯಿಂದ ಉರಿಯೂತದ ಜೀನ್‌ಗಳನ್ನು ಮುಚ್ಚಿಸುತ್ತದೆ. ತಂಬಾಕಿನ ಹೊಗೆ ಆ ಕಿಣ್ವವನ್ನೇ ಕುಗ್ಗಿಸುತ್ತದೆ. ಪಂಪು ಒಳಗೆ ಹೋದರೂ ಕೆಲಸ ಮಾಡಿಸಲು ಆಳಿಲ್ಲದಂತಾಗುತ್ತದೆ.

ಎರಡನೆಯದು, ಕಾಳಿನ ಧೂಳಿನ ದಮ್ಮು ಎಲ್ಲ ಸಲವೂ ಅಲರ್ಜಿಯ ದಮ್ಮಲ್ಲ. ಆ ಧೂಳಿನಲ್ಲಿ ಬ್ಯಾಕ್ಟೀರಿಯಾಗಳ ಎಂಡೋಟಾಕ್ಸಿನ್ ಎಂಬ ವಿಷಾಂಶ ಇರುತ್ತದೆ, ಅದು ಇಯೊಸಿನೊಫಿಲ್ ಬದಲು ನ್ಯೂಟ್ರೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿಕೋಶಗಳನ್ನು ಕರೆತರುತ್ತದೆ. ನ್ಯೂಟ್ರೊಫಿಲ್ ಬಿಡುವ ಇಲಾಸ್ಟೇಸ್ ಕಿಣ್ವಕ್ಕೆ ಶ್ವಾಸಕೋಶದ ಎಳೆತದ ನಾರುಗಳನ್ನೇ ತಿನ್ನುವ ಶಕ್ತಿಯಿದೆ, ಕಫ ಉಕ್ಕಿಸುವುದರಲ್ಲೂ ಅದರದು ದೊಡ್ಡ ಕೈ. ದೇಹದಲ್ಲಿ ಇದಕ್ಕೆ ತಡೆ ಹಾಕುವ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನ್ ಉಂಟು. ಬೀಡಿ ಹೊಗೆ ಅದನ್ನೂ ಉತ್ಕರ್ಷಿಸಿ ನಿಷ್ಕ್ರಿಯ ಮಾಡುತ್ತದೆ. ನ್ಯೂಟ್ರೊಫಿಲ್ ಪ್ರಧಾನವಾದ ದಮ್ಮು ಸ್ಟಿರಾಯ್ಡ್‌ಗೆ ಸರಿಯಾಗಿ ಬಗ್ಗುವುದಿಲ್ಲ. ಇಲಾಸ್ಟೇಸನ್ನು ಸಿದ್ಧಗೊಳಿಸುವ ಕಿಣ್ವವನ್ನೇ ತಡೆಯುವ ಬ್ರೆನ್ಸೊಕಾಟಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿದೆ, ಅದು ಬ್ರಾಂಕಿಯೆಕ್ಟಾಸಿಸ್ ಎಂಬ ಬೇರೆ ಕಾಯಿಲೆಗೆ, ಅಸ್ತಮಾಕ್ಕಲ್ಲ.

ಮಷೀನಿನ ಹೊಟ್ಟು ಹಾರುವ ದಿಕ್ಕಿಗೆ ನಿಲ್ಲಬೇಡಿ, ಗಾಳಿ ಬೆನ್ನ ಹಿಂದಿನಿಂದ ಬರುವಂತೆ ಜಾಗ ಹಿಡಿಯಿರಿ. ಟವೆಲ್ ಸುತ್ತಿಕೊಂಡರೆ ಸಣ್ಣ ಧೂಳು ನಿಲ್ಲುವುದಿಲ್ಲ. ಎನ್-95 ಮಾಸ್ಕ್ ಬೇಕು, ಮೂಗಿನ ಮೇಲಿನ ತಂತಿ ಒತ್ತಿ ಅಂಚಿನಲ್ಲಿ ಗಾಳಿ ನುಸುಳದಂತೆ ಕಟ್ಟಬೇಕು. ದಟ್ಟ ಗಡ್ಡವಿದ್ದರೆ ಅದು ಕೂರುವುದಿಲ್ಲ. ಮುಗ್ಗಿದ ತೆನೆಯ ರಾಶಿಗೆ ಹೋಗಲೇಬೇಡಿ. ಬೀಡಿ ಬಿಡದೆ ಪಂಪಿನ ಡೋಸು ಏರಿಸುತ್ತಾ ಹೋಗುವುದು ದುಡ್ಡಿಗೆ ದಂಡ. ನಿಮಗಿರುವುದು ಅಸ್ತಮಾವೋ ಬೀಡಿಯಿಂದ ಬಂದ, ಶ್ವಾಸನಾಳ ಶಾಶ್ವತವಾಗಿ ಕಿರಿದಾಗುವ ಸಿಒಪಿಡಿ ಕಾಯಿಲೆಯೋ ಎಂಬುದನ್ನೂ ತೀರ್ಮಾನಿಸಬೇಕು, ಅದಕ್ಕೆ ಸ್ಪೈರೋಮೆಟ್ರಿ (ಯಂತ್ರಕ್ಕೆ ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆ) ಮಾಡಿಸಿ.

ಪ್ರಶ್ನೆ: ಲ್ಯಾಬಿನಲ್ಲಿ ಒಟ್ಟು ಐಜಿಇ, ಟ್ರಿಪ್ಟೇಸ್, ಅಲರ್ಜಿ ಪ್ಯಾನೆಲ್ ಎಂದು ಉದ್ದ ಪಟ್ಟಿ ಕೊಟ್ಟರು. ಯಾವುದು ಬೇಕು, ಯಾವುದು ಬೇಡ? (ಚಿತ್ರದುರ್ಗ)

ಉತ್ತರ: ಮೊದಲು ಬೇಕಾದದ್ದು ಸ್ಪೈರೋಮೆಟ್ರಿ, ಪಟ್ಟಿಯಲ್ಲಿ ಅದೇ ಇಲ್ಲ! ಊದಿದ ಮೇಲೆ ಸಾಲ್ಬುಟಮಾಲ್ 4 ಪಫ್ ಕೊಟ್ಟು, 10-15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ ಶೇ. 12ರಷ್ಟು ಮತ್ತು 200 ಮಿ.ಲೀ. ಹೆಚ್ಚಾದರೆ ವಯಸ್ಕರಲ್ಲಿ ಅಸ್ತಮಾಕ್ಕೆ ಬಲವಾದ ಪುರಾವೆ. ಪರೀಕ್ಷೆಗೆ 4 ಗಂಟೆ ಮುಂಚಿನಿಂದ ನೀಲಿ ಪಂಪು ಸೇದಿರಬಾರದು.

ರಕ್ತದಲ್ಲಿ ಇಯೊಸಿನೊಫಿಲ್ ಎಣಿಕೆ ಅಗ್ಗದ, ಉಪಯುಕ್ತ ಪರೀಕ್ಷೆ. ಶೇಕಡಾವಾರು ಬೇಡ, ಮೈಕ್ರೋಲೀಟರಿಗೆ ಎಷ್ಟು ಎಂಬ ನೇರ ಸಂಖ್ಯೆ ಕೇಳಿ. 300ಕ್ಕೂ ಮೇಲಿದ್ದರೆ ಇಯೊಸಿನೊಫಿಲ್ ಕೈಮೇಲಾಗಿದೆ, ಸ್ಟಿರಾಯ್ಡ್‌ಗೆ ಬಗ್ಗುವ ಸಾಧ್ಯತೆ ಹೆಚ್ಚು. ಹೊಟ್ಟೆಹುಳ ಇದ್ದರೂ ಏರುತ್ತದೆ, ಪ್ರೆಡ್ನಿಸೊಲೋನ್ ನುಂಗುತ್ತಿದ್ದರೆ ಇಳಿಯುತ್ತದೆ. ಉಸಿರಿನ ನೈಟ್ರಿಕ್ ಆಕ್ಸೈಡ್ ಪರೀಕ್ಷೆ ಎಲ್ಲ ಊರಲ್ಲೂ ಇಲ್ಲ. ಅದು ಅಳೆಯುವುದು ಶ್ವಾಸನಾಳದ ಒಳಪದರದ ಒಂದು ಕಿಣ್ವ ತಯಾರಿಸುವ ಅನಿಲವನ್ನು. ವಯಸ್ಕರಲ್ಲಿ 50 ಪಿಪಿಬಿ (ನೂರು ಕೋಟಿ ಭಾಗ ಗಾಳಿಯಲ್ಲಿ 50 ಭಾಗ), ಮಕ್ಕಳಲ್ಲಿ 35 ದಾಟಿದರೆ ಹೆಚ್ಚು. ಬೀಡಿ ಸಿಗರೇಟು ಸೇದುವವರಲ್ಲಿ ಸುಳ್ಳು ಹೇಳಿ ಕಡಿಮೆ ತೋರಿಸುತ್ತದೆ.

ಟ್ರಿಪ್ಟೇಸ್ ದಮ್ಮಿಗೆ ಬೇಡ. ಶ್ವಾಸನಾಳದಲ್ಲಿ ಅದು ಎಷ್ಟೇ ಚೆಲ್ಲಿದರೂ ರಕ್ತದಲ್ಲಿ ಸಾಮಾನ್ಯವಾಗಿ ಏರುವುದಿಲ್ಲ. ಜೇನು ಕಚ್ಚಿಯೋ ಇಂಜೆಕ್ಷನ್ನಿನಿಂದಲೋ ಮೈಯೆಲ್ಲ ದದ್ದೆದ್ದು ಬಿಪಿ ಕುಸಿದಾಗ ಅದಕ್ಕೆ ಬೆಲೆ. ಆಗಲೂ 4 ಗಂಟೆಯೊಳಗೆ ರಕ್ತ ತೆಗೆದು, 24 ಗಂಟೆಯ ನಂತರದ ಮಟ್ಟದ ಜೊತೆ ಹೋಲಿಸಬೇಕು. ಅಲರ್ಜಿ ಪ್ಯಾನೆಲ್ಲಿನಲ್ಲಿ ನೂರು ಪದಾರ್ಥ ಬರೆಸಿಕೊಂಡು ಬದನೆಕಾಯಿ, ಶೇಂಗಾ, ಮೊಸರು ಎಲ್ಲ ಬಿಟ್ಟು ಸೊರಗಿದವರು ಬೇಕಾದಷ್ಟಿದ್ದಾರೆ. ವೈದ್ಯರು ಇಂಥದ್ದೇ ಎಂದು ಹೇಳಿ ಬರೆದುಕೊಟ್ಟರೆ ಮಾತ್ರ ಮಾಡಿಸಿ.

ಪ್ರಶ್ನೆ: ಇಷ್ಟೆಲ್ಲ ಕಿಣ್ವಗಳೇ ಮೂಲವಾದರೆ ಅವನ್ನೇ ನಿಲ್ಲಿಸುವ ಮಾತ್ರೆ ಇಲ್ಲವೇ? ಮಗಳಿಗೆ ಮಾಂಟೆಲುಕಾಸ್ಟ್ ಕೊಡುತ್ತಿದ್ದಾರೆ, ನಮ್ಮ ತಂದೆಯವರಿಗೆ ಡೆರಿಫಿಲಿನ್. (ಹೊಳಲ್ಕೆರೆ)

ಉತ್ತರ: ಇವೆ, ಆದರೆ ಒಂದೊಂದಕ್ಕೂ ಒಂದೊಂದು ತೊಡಕು. 5-ಲೈಪಾಕ್ಸಿಜನೇಸನ್ನೇ ಮುಚ್ಚುವ ಜೈಲ್ಯೂಟಾನ್ ಅಮೆರಿಕದಲ್ಲಿ 1996ರಿಂದ ಇದೆ. ಲಿವರ್ ಪರೀಕ್ಷೆ ಮಾಡಿಸುತ್ತಲೇ ಇರಬೇಕು, ಮೊದಲ ರೂಪದಲ್ಲಿ ದಿನಕ್ಕೆ ನಾಲ್ಕು ಸಲ ನುಂಗಬೇಕಿತ್ತು. ಮಾಂಟೆಲುಕಾಸ್ಟ್ ಕಿಣ್ವವನ್ನು ಮುಟ್ಟುವುದಿಲ್ಲ. ತಯಾರಾದ ಲ್ಯೂಕೋಟ್ರೀನ್ ಹೋಗಿ ಕೂರುವ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ. ಮಕ್ಕಳಿಗೆ 2-5 ವರ್ಷಕ್ಕೆ 4 ಮಿ.ಗ್ರಾಂ., 6-14ಕ್ಕೆ 5 ಮಿ.ಗ್ರಾಂ. ರಾತ್ರಿ. ಸ್ಟಿರಾಯ್ಡ್ ಪಂಪಿನ ಜಾಗವನ್ನು ಅದು ತುಂಬಲಾರದು, ದಮ್ಮು ಹತ್ತಿದಾಗ ನುಂಗಿದರೆ ಪ್ರಯೋಜನವೂ ಇಲ್ಲ. ಮಗಳಿಗೆ ಕೆಟ್ಟ ಕನಸು, ವಿಪರೀತ ಸಿಟ್ಟು, ಮಂಕು ಕಂಡರೆ ಔಷಧದ ಕಡೆಗೂ ಬೆರಳು ಮಾಡಿ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಇದಕ್ಕೆ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿದೆ.

ಡೆರಿಫಿಲಿನ್‌ನಲ್ಲಿರುವ ಥಿಯೋಫಿಲಿನ್, ಫಾಸ್ಫೋಡೈಎಸ್ಟರೇಸ್ ಎಂಬ ಕಿಣ್ವವನ್ನು ಸ್ವಲ್ಪ ತಡೆಯುತ್ತದೆ. ಔಷಧವಾಗಿ ಕೆಲಸ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಕಡಿಮೆ. ಭೇದಿಗೋ ಮೂತ್ರದ ಸೋಂಕಿಗೋ ಸಿಪ್ರೊಫ್ಲಾಕ್ಸಾಸಿನ್ ಶುರು ಮಾಡಿದರೆ ಲಿವರಿನಲ್ಲಿ ಥಿಯೋಫಿಲಿನ್ ಕರಗುವುದು ನಿಧಾನವಾಗಿ ರಕ್ತದಲ್ಲಿ ಸೇರಿಕೊಳ್ಳುತ್ತದೆ. ವಾಂತಿ, ಎದೆ ಡವಗುಟ್ಟುವುದು, ಕೊನೆಗೆ ಫಿಟ್ಸ್ ಕೂಡ ಬರಬಹುದು. ಬೀಡಿ ಸೇದುವವರಲ್ಲಿ ಅದು ಬೇಗ ಕರಗುತ್ತದೆ. ಆದ್ದರಿಂದ ತಂದೆಯವರು ಬೀಡಿ ಬಿಟ್ಟ ವಾರದಲ್ಲೇ ಹಳೆಯ ಡೋಸು ಹೆಚ್ಚಾಗಿಬಿಡಬಹುದು. ಬಿಟ್ಟದ್ದನ್ನು ವೈದ್ಯರಿಗೆ ಹೇಳಲೇಬೇಕು.

ಪ್ರಶ್ನೆ: ಬೇಕರಿಯಲ್ಲಿ ಹಿಟ್ಟು ಕಲಸುವ ಕೆಲಸ. ಭಾನುವಾರ ರಜೆ ಇದ್ದಾಗ ಆರಾಮ, ಸೋಮವಾರದಿಂದ ಸೀನು, ಕೆಮ್ಮು, ದಮ್ಮು. ಮೈದಾ ಅಲರ್ಜಿಯೇ? (ಹಿರಿಯೂರು)

ಉತ್ತರ: ಮೈದಾ ಇರಬಹುದು, ಬ್ರೆಡ್ ಇಂಪ್ರೂವರ್ ಪುಡಿಯೂ ಇರಬಹುದು. ಆ ಪುಡಿಗೆ ಅಮೈಲೇಸ್ ಎಂಬ ಶಿಲೀಂಧ್ರದ ಕಿಣ್ವ ಬೆರೆಸಿರುತ್ತಾರೆ. ತಿನ್ನುವವರಿಗೆ ತೊಂದರೆಯಿಲ್ಲ, ಪುಡಿಯನ್ನು ವರ್ಷಗಟ್ಟಲೆ ಉಸಿರಾಡುವವರಲ್ಲಿ ಅದೇ ಐಜಿಇ ಹುಟ್ಟಿಸಿ ಮಾಸ್ಟ್ ಕೋಶಗಳನ್ನು ಕೆರಳಿಸುತ್ತದೆ. ಉಸಿರು ಊದುವ ವೇಗ ಅಳೆಯುವ ಒಂದು ಪೀಕ್ ಫ್ಲೋ ಮೀಟರ್ ತಗೊಂಡು ದಿನಕ್ಕೆ ನಾಲ್ಕು ಹೊತ್ತು, ಪ್ರತಿ ಹೊತ್ತೂ ಮೂರು ಸಲ ಊದಿ ಹೆಚ್ಚಿನದನ್ನು ಬರೆದಿಡಿ. ಕೆಲಸದ ದಿನ, ರಜೆಯ ದಿನ ಎರಡೂ ಸೇರಿ ನಾಲ್ಕು ವಾರದ ಲೆಕ್ಕವಿರಲಿ, ಕೆಲಸಕ್ಕೂ ದಮ್ಮಿಗೂ ನಂಟಿದೆಯೇ ಎಂದು ವೈದ್ಯರು ಅದರಿಂದಲೇ ಹೇಳುತ್ತಾರೆ. ಅಲ್ಲಿಯವರೆಗೆ ಪುಡಿಯನ್ನು ಮೇಲಿಂದ ಸುರಿಯದೆ ಚೀಲದ ಬಾಯಿ ಪಾತ್ರೆಯೊಳಗೆ ಇಳಿಸಿ ಹಾಕಿ, ಮೊದಲು ನೀರು ಬೆರೆಸಿ ಆಮೇಲೆ ಮಷೀನ್ ಶುರು ಮಾಡಿ, ನೆಲ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಕೆಲಸ ಬಿಟ್ಟ ಮೇಲೂ ದಮ್ಮು ಉಳಿದುಬಿಡುವುದುಂಟು, ಆದ್ದರಿಂದ ಲೆಕ್ಕ ಬರೆಯುವುದನ್ನು ಈ ಸೋಮವಾರದಿಂದಲೇ ಶುರು ಮಾಡಿ.